ಹೊತ್ತು ಮುಳುಗುವ ಮೊದಲಿನ ಗುಳಿಗೆ

ಕೊರೊನಾ ಮುಗಿದ ಮರುವರ್ಷ ನಾನು ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ ಫಿಜಿಷಿಯನ್ ಆಗಿದ್ದೆ. ಲಕ್ವ ಹೊಡೆದವರನ್ನು ಬದುಕಿಸುವುದಕ್ಕಿಂತ, ಬದುಕಿದವರಿಗೆ ಎರಡನೆಯ ಸಲ ಹೊಡೆಯದಂತೆ ಕಾಯುವುದೇ ಕಷ್ಟ. ಅದನ್ನು ನನಗೆ ಕಲಿಸಿದವರು ತೇರದಾಳದ ಪದ್ಮಕ್ಕ.

ಪದ್ಮಕ್ಕ ಅರಿಶಿನದ ವ್ಯಾಪಾರಿ. ಗಂಡ ತೀರಿಕೊಂಡ ಮೇಲೆ ಬರೀ ಮಾತಿನ ಬಲದಿಂದ ಅಂಗಡಿ ನಡೆಸಿದವರು. ಮೊದಲ ಸ್ಟ್ರೋಕ್ ಆ ಮಾತನ್ನೇ ಕಿತ್ತುಕೊಂಡಿತ್ತು. ಎರಡು ತಿಂಗಳು ಮಗನ ಹೆಸರೂ ನಾಲಿಗೆಗೆ ಬರಲಿಲ್ಲವಂತೆ. ಮಾತೇನೋ ಮರಳಿತು, ಬಿ.ಪಿ. ಮಾತ್ರ ಇಳಿಯಲಿಲ್ಲ. ಮಿದುಳಿಗೊಬ್ಬರು, ಹೃದಯಕ್ಕೊಬ್ಬರು, ಸಕ್ಕರೆ ಕಾಯಿಲೆಗೊಬ್ಬರು, ಮೂವರು ಡಾಕ್ಟರು ಮೂರು ಊರಲ್ಲಿ ಕುಳಿತು ಡೋಸ್ ಏರಿಸುತ್ತಲೇ ಇದ್ದರು. ನನ್ನ ಬಳಿ ಬಂದ ದಿನ 190/110 ಇತ್ತು. ಇನ್ನೊಂದು ಸ್ಟ್ರೋಕ್ ಆದರೆ ಮಾತು ಮತ್ತೆ ಬರುವ ಭರವಸೆ ಇರಲಿಲ್ಲ.

ನಾನೂ ಡೋಸ್ ಏರಿಸಲು ಪೆನ್ನು ತೆಗೆದೆ. ಉಪ್ಪಿನಕಾಯಿ ಜಾಸ್ತಿಯಾಗಿದೆಯೇನೋ ಎಂಬ ಗುಮಾನಿಯಿಂದ ಕೇಳಿದೆ, "ನಿನ್ನೆ ರಾತ್ರಿ ಊಟಕ್ಕ ಏನಿತ್ರಿ?"

ಕೇಳಬಾರದ್ದನ್ನು ಕೇಳಿದೆನೇನೋ ಎಂಬಂತೆ ಪದ್ಮಕ್ಕ ನೋಡಿದರು. "ನಾವು ಜೈನರ್ರಿ. ಹೊತ್ತು ಮುಳುಗಿದ ಮ್ಯಾಲ ನೀರೂ ಮುಟ್ಟಂಗಿಲ್ಲ."

"ಹಂಗಾರ ರಾತ್ರಿ ಗುಳಿಗಿ?"

"ರಾತ್ರಿ ಊಟ ಆದಮ್ಯಾಲ ಅಂತ ಬರದಾರಲ್ರಿ. ಊಟನ ಇಲ್ಲಂದ್ರ ಗುಳಿಗಿ ಎಲ್ಲೀದು?"

ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿ, ಚೀಟಿ ಬರೆದ ಯಾರಿಗೂ ನೆನಪಾಗಿರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ, ಕೊಲೆಸ್ಟರಾಲಿನದು, ಬಿ.ಪಿ.ಯವು, ಎಲ್ಲವೂ ರಾತ್ರಿಗೇ ಇದ್ದವು, ಒಂದೂ ಹೊಟ್ಟೆಗೆ ಹೋಗಿರಲಿಲ್ಲ. ಏರಿಸಿದ ಆ ಡೋಸ್ ಈಗ ಒಮ್ಮೆಲೇ ಹೊಟ್ಟೆಗೆ ಬಿದ್ದರೆ ಬಿ.ಪಿ. ಪಾತಾಳಕ್ಕಿಳಿದು ಮತ್ತೆ ಸ್ಟ್ರೋಕನ್ನೇ ತರಬಹುದಿತ್ತು.

ಜೊತೆಗೆ ಬಂದಿದ್ದ ಮಗ ಅಜಿತ ಸಿಡಿದೆದ್ದ. "ವ್ರತ ಬಿಡಸ್ರಿ ಡಾಕ್ಟರ್ರ!"

"ಜೀವ ಹೋದ್ರೂ ಬಿಡಂಗಿಲ್ಲ," ಎಂದರು ತಾಯಿ.

ನನಗೆ ಸಿಟ್ಟು ಬಂತು, ಪದ್ಮಕ್ಕನ ಮೇಲಲ್ಲ, ನಮ್ಮ ಜಾತಿಯ ಮೇಲೆ. ಡಾಕ್ಟರ ಜಾತಿ! ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಹಟ ಹಿಡಿದು, ಅವರ ಎದುರೇ ಮೂವರಿಗೂ ಫೋನ್ ಹಚ್ಚಿದೆ. ಎಲ್ಲ ಗುಳಿಗೆ ಬೆಳಗಿನ ನಾಷ್ಟಾಕ್ಕೆ ಮತ್ತು ಸಂಜೆ ಐದೂವರೆಯ ಊಟಕ್ಕೆ ಬರಬೇಕು, ಬಿ.ಪಿ. ಡೋಸ್ ಕೆಳಗಿನಿಂದ ಮತ್ತೆ ಶುರುವಾಗಬೇಕು, ಇನ್ನು ಯಾರು ಏನೇ ಬದಲಿಸಿದರೂ ನನಗೆ ತಿಳಿಸಬೇಕು ಎಂದೆ. ಇಬ್ಬರು ಒಪ್ಪಿದರು. ಮೂರನೆಯವರು, "ಬುಕ್ಕಿನ್ಯಾಗ ಹಂಗಿಲ್ಲಲ್ಲ?" ಎಂದರು.

"ಬುಕ್ಕಿಗೆ ಸ್ಟ್ರೋಕ್ ಆಗಿಲ್ರಿ ಸರ್, ಪದ್ಮಕ್ಕಗ ಆಗೇತಿ," ಎಂದೆ. ಅವರು ನಕ್ಕು ಒಪ್ಪಿದರು.

ಆರು ವಾರಕ್ಕೆ ಬಿ.ಪಿ. 134ಕ್ಕೆ ಇಳಿಯಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೂ ಒಂದು ಅಳುಕಿತ್ತು. ಜೈನರ ಪರ್ಯುಷಣ ಹಬ್ಬದ ಉಪವಾಸ ಬಂದರೆ ಎಲ್ಲವನ್ನೂ ಬಿಟ್ಟು ಕೂರುತ್ತಾರೇನೋ ಎಂದು.

ಭಾದ್ರಪದದಲ್ಲಿ ಒಂದು ಮಧ್ಯಾಹ್ನ ಫೋನ್ ಬಂತು. ಒಂದಕ್ಷರವೂ ತೊದಲದ ದನಿ. "ಡಾಕ್ಟರ್ರ, ನಾಳಿ ಉಪಾಸ. ಯಾವ ಗುಳಿಗಿ ಬಿಡ್ಲಿ, ಯಾವ್ದು ತಗೊಳ್ಲಿ?"

ಸಕ್ಕರೆಯದನ್ನು ಬಿಡಿ, ಉಳಿದವನ್ನು ಹಗಲಲ್ಲೇ ನೀರಿನೊಡನೆ ತೆಗೆದುಕೊಳ್ಳಿ ಎಂದೆ. ವ್ರತಕ್ಕೆ ನಡೆಯುತ್ತದೆಯೋ ಇಲ್ಲವೋ ಎಂದು ಕೇಳಲೂ ಮರೆಯಲಿಲ್ಲ.

"ನಡೀತೈತ್ರಿ," ಎಂದರು. "ಇಷ್ಟ್ ದಿನ ಯಾರೂ ಕೇಳಿದ್ದಿಲ್ಲ, ಅದಕ್ಕ ಹೇಳಿದ್ದಿಲ್ಲ."