ಹನ್ನೊಂದು ವರ್ಷ ಕಲಾಶಾಲೆಯಲ್ಲಿದ್ದ ಹಮಾಲ

ಸೊಲ್ಲಾಪುರದ ಗಿರಣಿಗಳ ಮೊದಲ ಭೋಂಗಾ ಇನ್ನೂ ಕೂಗಿಲ್ಲ. ಚನ್ನವೀರಪ್ಪ ಸಾವಕಾರರ ಛಾಪಖಾನೆಯ ಹಿಂದೆ, ತಗಡಿನ ಚಪ್ಪರದ ಕೆಳಗೆ, ಪೀರಪ್ಪನವರು ಆಗಲೇ ಎರಡನೆಯ ಕಲ್ಲಿಗೆ ಕೈ ಹಾಕಿದ್ದಾರೆ. ಬೆಣ್ಣೆಯ ಬಣ್ಣದ ಚಪ್ಪಟೆ ಕಲ್ಲು, ಜರ್ಮನಿಯಿಂದ ಹಡಗಿನಲ್ಲಿ ಬಂದದ್ದು. ಅದರ ಮೇಲೆ ಮರಳು ಚೆಲ್ಲಿ, ನೀರು ಚಿಮುಕಿಸಿ, ಅಂಥದೇ ಇನ್ನೊಂದು ಕಲ್ಲನ್ನು ಬೋರಲು ಹಾಕಿ ಗರಗರ ತಿರುವುತ್ತಾರೆ. ನಿನ್ನೆಯವರೆಗೆ ಆ ಕಲ್ಲಿನ ಮೇಲೊಂದು ನವಿಲಿತ್ತು. ಯಾವುದೋ ಗಿರಣಿಯ ಧೋತರಕ್ಕೆ ಅಂಟಿಸುವ ಚೀಟಿಯ ಚಿತ್ರ. ಅರ್ಧ ತಾಸಿನಲ್ಲಿ ಗರಿ ಹೋಯಿತು, ಆಮೇಲೆ ಕೊರಳು.

"ಕಣ್ಣ ಲಗೂ ಹೋಗೂದಿಲ್ರಿ. ಬರದಾವ ಅಲ್ಲೇ ಕಡ್ಡಿ ಜಾಸ್ತಿ ಒತ್ತಿರ್ತಾನ. ಮೇಣ ಕಲ್ಲಿನ ಒಳಗ ಇಳದಿರ್ತೈತಿ," ಎನ್ನುತ್ತಾರೆ, ತಲೆ ಎತ್ತದೆ.

ಛಾಪಖಾನೆಯಲ್ಲಿ ಎಲ್ಲರೂ ಅವರನ್ನು "ಏ ಪೀರ್ಯಾ" ಎನ್ನುತ್ತಾರೆ. ಅವರಿಗಿಂತ ಹದಿನೈದು ವರ್ಷ ಚಿಕ್ಕವರೂ ಹಾಗೆಯೇ ಕೂಗುತ್ತಾರೆ. ಈ ಪತ್ರಿಕೆಯಲ್ಲಾದರೂ ಅವರು ಪೀರಪ್ಪನವರಾಗಿರಲಿ.

ಕಲ್ಲಚ್ಚಿನ ಕೆಲಸ ನೋಡದವರಿಗೆ ಎರಡು ಮಾತು. ನುಣ್ಣಗೆ ಉಜ್ಜಿದ ಕಲ್ಲಿನ ಮೇಲೆ ಮೇಣದ ಕಡ್ಡಿಯಿಂದ ಚಿತ್ರ ಬರೆಯುತ್ತಾರೆ, ಎಡ ಬಲ ಅದಲುಬದಲಾಗಿ. ಆಮೇಲೆ ಗೋಂದಿನಲ್ಲಿ ಒಂದಿಷ್ಟು ತೇಜಾಬು, ಎಂದರೆ ಆಮ್ಲ, ಬೆರೆಸಿ ಹಚ್ಚುತ್ತಾರೆ. ಕಲ್ಲು ಒದ್ದೆ ಮಾಡಿ ಮಸಿ ಉರುಳಿಸಿದರೆ ಮೇಣವಿದ್ದಲ್ಲಿ ಮಾತ್ರ ಮಸಿ ಹತ್ತುತ್ತದೆ. ತೇಜಾಬು ಹೆಚ್ಚಾದರೆ ಚಿತ್ರ ಸುಟ್ಟುಹೋಗುತ್ತದೆ, ಕಡಿಮೆಯಾದರೆ ಎಲ್ಲ ಕಡೆ ಮಸಿ ಕುಳಿತು ಕರ್ರಗಾಗುತ್ತದೆ. ಎಷ್ಟು ಸಾಕು ಎಂಬುದನ್ನು ಪೀರಪ್ಪನವರು ಮೂಸಿಯೇ ಹೇಳುತ್ತಾರೆ. ದಿನಕ್ಕೆ ಆರು ಕಲ್ಲು ಉಜ್ಜುತ್ತಾರೆ. ಇಬ್ಬರು ಎತ್ತಬೇಕಾದ್ದನ್ನು ಒಬ್ಬರೇ ಎತ್ತುತ್ತಾರೆ. ಮಧ್ಯಾಹ್ನದಿಂದ ಯಂತ್ರದ ಹಿಡಿಕೆ ತಿರುಗಿಸಿ ಒಂಬೈನೂರು ಪ್ರತಿ ತೆಗೆಯುತ್ತಾರೆ. ನಲವತ್ತೆರಡು ವರ್ಷದ ಮನುಷ್ಯ, ಬೆನ್ನು ಅರವತ್ತರದು.

ಊರು ಅಕ್ಕಲಕೋಟೆ ಸಂಸ್ಥಾನದ ಕರಜಗಿ. ಮನೆಯಲ್ಲಿ ಹೊಲವಿತ್ತು, ದುಡಿಯಲು ಮೂವರು ಅಣ್ಣಂದಿರಿದ್ದರು. ಗೋಡೆಯ ಮೇಲೆಲ್ಲ ಇದ್ದಿಲಿನಿಂದ ಎತ್ತು ಬರೆಯುತ್ತಿದ್ದ ಈ ತಮ್ಮನನ್ನು ಅವರು ನೇಗಿಲಿಗೆ ಸಾಲದವನೆಂದು ತೀರ್ಮಾನಿಸಿದರು. ೧೯೨೧ರಲ್ಲಿ ಪೀರಪ್ಪ ಮುಂಬಯಿಗೆ ಹೋದರು. ಚಿತ್ರ ಕಲಿಸುವ ಜಾಗ ಎಂದು ಯಾರೋ ತೋರಿಸಿದರೆಂದು ಗಿರಗಾವದ ಒಂದು ಖಾಸಗಿ ಕಲಾಶಾಲೆಯ ಬಾಗಿಲಿಗೆ ನಿಂತರು. ಫೀ ಕೇಳಿದರು, ಇರಲಿಲ್ಲ. ಇಂಗ್ರೇಜಿ ಕೇಳಿದರು, ಅದೂ ಇರಲಿಲ್ಲ. ತೋಳು ನೋಡಿದರು, ಅದು ಚೆನ್ನಾಗಿತ್ತು. ಹಮಾಲನೆಂದು ಇಟ್ಟುಕೊಂಡರು.

ಹನ್ನೊಂದು ವರ್ಷ ಅಲ್ಲಿದ್ದರು. ಬೆಳಿಗ್ಗೆ ಕಲ್ಲಚ್ಚಿನ ವರ್ಗಕ್ಕೆ ಕಲ್ಲು ಉಜ್ಜಿ ಕೊಡುವುದು. ತೇಜಾಬು ಹೆಚ್ಚುಕಡಿಮೆಯಾಗಿ ಹುಡುಗರ ಚಿತ್ರ ಕೆಟ್ಟರೆ ಮಾಸ್ತರು ಬರುವುದರೊಳಗೆ ಸರಿ ಮಾಡುವುದು. ಮಧ್ಯಾಹ್ನ ಫೋಟೋ ವರ್ಗದ ಕತ್ತಲೆ ಕೋಣೆಯಲ್ಲಿ ಕೆಂಪು ದೀಪದ ಕೆಳಗೆ ಔಷಧ ಕಲಸಿ ಗಾಜು ತೊಳೆಯುವುದು. ಆ ಔಷಧದ ಕಂದು ಬಣ್ಣ ಅವರ ಹೆಬ್ಬೆರಳಿನ ಉಗುರಿನಲ್ಲಿ ಇವತ್ತಿಗೂ ಇದೆ. ಸಂಜೆ ಕಲೆಯ ಇತಿಹಾಸದ ಪಾಠ. ಅಲ್ಲಿ ಇವರ ಕೆಲಸ ದೀಪದ ಯಂತ್ರಕ್ಕೆ ಗಾಜಿನ ಚಿತ್ರಗಳನ್ನು ಹಾಕಿ ಪರದೆಯ ಮೇಲೆ ಬಿಡುವುದು.

"ಇಪ್ಪತ್ತನಾಕ ಪೆಟ್ಟಿಗಿ ಇದ್ದೂರಿ. ಮಾಸ್ತರ ಕೋಲಿಲೆ ನೆಲಾ ಬಡದ್ರ ಮುಂದಿನ ಕಾಜ ಹಾಕಬೇಕು. ಡಚ್ಚರ ದೇಶದಾಗ ಒಬ್ಬಾವ ತನ್ನ ಮಾರಿ ತಾನಽ ಬರಕೋತ ಬರಕೋತ ಮುದುಕ ಆಗ್ಯಾನ. ಹತ್ತ ಕಾಜಿನಾಗ ಅವನ ಆಯುಷ್ಯ ಮುಗೀತಿತ್ತು. ಕಡೀ ಕಾಜ ಮಾತ್ರ ಮಾಸ್ತರ ಕೋಲ ಬಡದ್ರೂ ನಾ ಲಗೂ ತಗೀತಿದ್ದಿಲ್ರಿ."

ಆಮೇಲೆ ತಮ್ಮಷ್ಟಕ್ಕೆ ನಗುತ್ತಾರೆ. "ಅಜಂತಾದ ಪೆಟ್ಟಿಗಿ ಕೀಲಿ ಮುರದಿತ್ತು. ಅದಕ್ಕ ಅದನ್ನ ಎಲ್ಲಾದಕ್ಕೂ ಹಿಂದ ಇಟ್ಟಿದ್ರು. ವಿಲಾಯತಿ ಮಂದಿ ಎಲ್ಲಾ ಬರದ ಮುಗಿಸಿದ ಮ್ಯಾಲ ನಮ್ಮವರು ನಿನ್ನೆ ಮೊನ್ನೆ ಸುರು ಮಾಡಿರಬೇಕು ಅಂತ ಮೂರ ವರ್ಷ ತಿಳಕೊಂಡಿದ್ನಿ. ಪೆಟ್ಟಿಗಿ ಕಡೀಕ ಇತ್ತಲ್ರಿ!"

ನನಗೆ ನಗು ಬರುವುದಿಲ್ಲ. ಮುಂದಿನ ಬೆಂಚುಗಳಲ್ಲಿ ಕೂತು ಪಾಠ ಕೇಳಿದ ಎಷ್ಟೋ ಮಂದಿ ಇವತ್ತಿಗೂ ಹಾಗೆಯೇ ತಿಳಿದಿದ್ದಾರೆ. ಅವರ ಹತ್ತಿರ ಸರ್ಟಿಫಿಕೇಟು ಇದೆ, ಅಷ್ಟೇ.

ಮೂರು ವರ್ಷದ ಹಿಂದೆ ಆ ಕಲಾಶಾಲೆ ಹೊಸ ಯಂತ್ರ ತರಿಸಿ ಹಳೆಯ ನಲವತ್ತು ಕಲ್ಲುಗಳನ್ನು ಚನ್ನವೀರಪ್ಪ ಸಾವಕಾರರಿಗೆ ಮಾರಿತು. ಗೂಡ್ಸ್ ಗಾಡಿಯಲ್ಲಿ ಅವನ್ನು ಒಡೆಯದಂತೆ ಕಾಯುತ್ತ ಬಂದವರು ಪೀರಪ್ಪನವರು. ಕಲ್ಲು ಇಳಿದವು, ಅವರೂ ಇಳಿದರು. ವಾಪಸು ಹೋಗಲು ಅಲ್ಲಿ ಕೆಲಸವಿರಲಿಲ್ಲ.

ಹೆಂಡತಿ ಸುಗಲಾಬಾಯಿಯವರಿಗೆ ಈ ಕಥೆ ಕೇಳಿ ಕೇಳಿ ಸಾಕಾಗಿದೆ. ಮನೆಗೆ ಹೋದಾಗ ಚಹಾ ತಂದಿಡುತ್ತ ನನ್ನನ್ನು ಸಾಕ್ಷಿಗೆ ಕರೆಯುತ್ತಾರೆ. "ನೀನಽ ಕೇಳ ತಮ್ಮಾ ಇವರನ್ನ. ಕಲ್ಲ ತಿಕ್ಕಾಕ ಮುಂಬಯಿತನಕ ಯಾಕ ಹೋಗಬೇಕಿತ್ತು? ಕರಜಗ್ಯಾಗ ಕಲ್ಲಿಗೇನ ಬರ ಬಂದಿತ್ತೇನು?"

ಪೀರಪ್ಪನವರು ಚಹಾ ಊದುತ್ತಾರೆ. ಈ ಮನುಷ್ಯನಿಗೆ ಬೇಕಾದದ್ದು ಒಂದೇ: ಉಜ್ಜಿದ ಕಲ್ಲಿನ ಮೇಲೆ ತಾನು ಚಿತ್ರ ಬರೆಯಬೇಕು. ಅಷ್ಟು ವರ್ಷದಲ್ಲಿ ಒಮ್ಮೆಯೂ ಬರೆದಿಲ್ಲ. ಹಮಾಲ ಕಡ್ಡಿ ಮುಟ್ಟುವಂತಿಲ್ಲ. ಸಾವಕಾರರ ನಿಯಮವೂ ಅದೇ.

"ಸರ್ಟಿಫಿಕೇಟ ತಗೊಂಡ ಬಾರಪಾ, ಆವತ್ತಽ ಕಡ್ಡಿ ಕೊಡ್ತೀನಿ," ಎಂದು ಸಾವಕಾರರು ನನ್ನ ಎದುರಿಗೇ ಹೇಳಿದ್ದಾರೆ. "ಚಿತ್ರಾ ಬರದಾವ ಎಲ್ಲಿ ಕಲತಾನ ಅಂತ ಗಿರಣಿಯವರು ಕೇಳ್ತಾರ. ಏನ ಹೇಳ್ಲಿ? ಅಲ್ಲಿ ಕಸಾ ಹೊಡೀತಿದ್ದ ಅನ್ಲ್ಯಾ?"

ಶಾಲೆಯಲ್ಲಿ ಓದದವರೂ ಕೂತು ಆ ಸರ್ಟಿಫಿಕೇಟು ಪಡೆಯಬಹುದಾದ ಒಂದು ಪರೀಕ್ಷೆ ಇದೆ. ಫಾರ್ಮಿನಲ್ಲಿ ಒಬ್ಬ ಡಿಪ್ಲೋಮಾದವನ ಸಹಿ ಬೇಕು, ಈತ ಎರಡು ವರ್ಷ ನನ್ನ ಕೈಕೆಳಗೆ ಈ ಕೆಲಸ ಮಾಡಿದ್ದಾನೆ ಎಂದು. ಛಾಪಖಾನೆಯಲ್ಲಿ ಡಿಪ್ಲೋಮಾ ಇರುವವರು ಒಬ್ಬರೇ, ಚಿತ್ರಕಾರ ಸಿದ್ದರಾಮಪ್ಪನವರು. ಜವಳಿ ವ್ಯಾಪಾರಿಯ ಮಗ. ಅದೇ ಗಿರಗಾವದ ಕಲಾಶಾಲೆಯಲ್ಲಿ ಮೂರು ವರ್ಷ ಓದಿದವರು. ಆಗ ಅವರ ಕಲ್ಲುಗಳಿಗೆ ತೇಜಾಬು ಹಚ್ಚಿಕೊಟ್ಟ ಕೈ ಯಾರದೆಂದು ಬೇರೆ ಹೇಳಬೇಕೆ? ಎರಡು ತಿಂಗಳಿಂದ ಪೀರಪ್ಪನವರು ಫಾರ್ಮು ಹಿಡಿದು ಕೇಳುತ್ತಿದ್ದಾರೆ. ಸಿದ್ದರಾಮಪ್ಪನವರು "ನಾಳೆ" ಎನ್ನುತ್ತಾರೆ. ನಾನೇ ಹೋಗಿ ಕೇಳಿದೆ.

"ಪೀರ್ಯಾ ಛಲೋ ಮನಶಾನ ಬಿಡ್ರಿ," ಎಂದರು ಸಿದ್ದರಾಮಪ್ಪ. "ಆದ್ರ ಕಲಾ ಅನ್ನೂದು ರಕ್ತದಾಗ ಇರಬೇಕು. ಹಮಾಲಗೂ ಅದಽ ಸರ್ಟಿಫಿಕೇಟ ಸಿಕ್ಕರ ನಮ್ಮ ಡಿಪ್ಲೋಮಾಕ್ಕ ಏನ ಬೆಲಿ ಉಳೀತು?"

ಫಾರ್ಮು ಕಳಿಸಲು ಕಡೆಯ ದಿನ ಶನಿವಾರ. ಗುರುವಾರ ಛಾಪಖಾನೆಯಲ್ಲಿ ಗದ್ದಲವಾಯಿತು. ಅಕ್ಕಲಕೋಟೆಯ ಒಬ್ಬ ವ್ಯಾಪಾರಿಯ ತಾಯಿ ಕಸ್ತೂರಬಾಯಿಯವರ ಪುಣ್ಯತಿಥಿ ರವಿವಾರ. ಬಂದವರಿಗೆ ಹಂಚಲು ಅವರ ಚಿತ್ರದ ಐನೂರು ಪ್ರತಿ ಬೇಕಿತ್ತು. ಫೋಟೋ ಇಟ್ಟುಕೊಂಡು ಸಿದ್ದರಾಮಪ್ಪನವರು ಕಲ್ಲಿನ ಮೇಲೆ ಬರೆದಿದ್ದರು. ಚಿತ್ರ ಚೆನ್ನಾಗಿಯೇ ಬಂದಿತ್ತು, ಸುಳ್ಳು ಹೇಳಲಾರೆ. ಆದರೆ ಅವಸರಕ್ಕೆ ಬಿದ್ದು ತೇಜಾಬನ್ನೂ ತಾವೇ ಹಚ್ಚಿದರು. ಇಪ್ಪತ್ತು ಪ್ರತಿ ಬರುವುದರೊಳಗೆ ಮುದುಕಿಯ ಕೆನ್ನೆಗೆ ಮಸಿ ಹಿಡಿಯಿತು, ಮೂವತ್ತಕ್ಕೆ ಮುಖವೆಲ್ಲ ರೊಟ್ಟಿ ಹಂಚಿನ ತಳದಂತಾಯಿತು.

"ಕಲ್ಲಽ ಖೋಟಾ ಐತ್ರಿ. ಇಂವಾ ನೆಟ್ಟಗ ತಿಕ್ಕಿಲ್ಲ," ಎಂದರು ಸಿದ್ದರಾಮಪ್ಪ.

"ಏ ಪೀರ್ಯಾ, ಏನರ ಮಾಡೋ! ಮಾರಿ ತೋರ್ಸಾಕ ಜಾಗಾ ಇಲ್ಲದಂಗ ಆಕ್ಕೈತಿ," ಎಂದು ಸಾವಕಾರರು ಕೂಗಿದರು.

ನಾನು ಪೀರಪ್ಪನವರ ಕಿವಿಯಲ್ಲಿ ಹೇಳಿದೆ: "ಅಣ್ಣಾರ, ಮೊದಲ ಸಿದ್ದರಾಮಪ್ಪಗ ಫಾರ್ಮಿನ ಮ್ಯಾಲ ಸಹಿ ಮಾಡಂತ ಹೇಳ್ರಿ. ಈಗ ಸಿಕ್ಕಾನ."

"ಕಲ್ಲ ಕಾಯೂದಿಲ್ರಿ," ಎಂದರು. "ಇನ್ನೊಂದ ತಾಸ ಬಿಟ್ರ ಆಕಿ ಮಾರಿ ಹೋತು."

ಕೂತೇಬಿಟ್ಟರು. ಗೆರೆಗಳನ್ನು ತೇಜಾಬು ಸುಡದಂತೆ ಕಲ್ಲಿಗೆ ರಾಳದ ಪುಡಿ ಉದುರಿಸಿ, ಸಣ್ಣ ಕುಂಚದಿಂದ ಒಂದೊಂದು ಸುಕ್ಕಿನ ಸಂದಿಗೂ ತೇಜಾಬು ಮುಟ್ಟಿಸುತ್ತ, ಒರೆಸುತ್ತ, ಎರಡು ತಾಸು ಬಗ್ಗಿದವರು ಮೇಲೇಳಲಿಲ್ಲ. ನನ್ನ ಮೈ ಉರಿಯುತ್ತಿತ್ತು. ಮುಂದಿನ ಪ್ರತಿಯಲ್ಲಿ ಕಸ್ತೂರಬಾಯಿಯ ಕೆನ್ನೆ ಬೆಳ್ಳಗೆ ಬಂತು, ತುಟಿಯ ಸುತ್ತಲಿನ ಗೆರೆಗಳೂ ಬಂದವು.

ಆಗ ಸಿದ್ದರಾಮಪ್ಪನವರಿಗೆ ನೆನಪಾಯಿತು, ಮೂಲೆಯಲ್ಲಿ ತಮ್ಮ ಹೆಸರು ಹಾಕಿಲ್ಲವೆಂದು. ತಯಾರಾದ ಕಲ್ಲಿಗೆ ಹೊಸ ಗೆರೆ ಸೇರಿಸುವುದು ನಾಜೂಕಿನ ಕೆಲಸ. ಆ ಜಾಗವನ್ನಷ್ಟೇ ಹುಳಿಯಿಂದ ತೊಳೆದು ಬರೆಯಬೇಕು, ಅದೂ ತಿರುಗುಮುರುಗಾಗಿ. ಇನ್ನೊಮ್ಮೆ ಕೆಡಿಸುವ ಧೈರ್ಯ ಅವರಿಗಿರಲಿಲ್ಲ. ಕಾಗದದ ಮೇಲೆ ಇಂಗ್ರೇಜಿಯಲ್ಲಿ ತಮ್ಮ ಸಹಿ ಗೀಚಿ, ಮೇಣದ ಕಡ್ಡಿಯನ್ನು ಪೀರಪ್ಪನವರ ಕೈಯಲ್ಲಿಟ್ಟರು.

"ನೀನಽ ಹಾಕಿಬಿಡೋ ಪೀರ್ಯಾ."

ಸಾವಕಾರರು ಪಕ್ಕದಲ್ಲೇ ನಿಂತಿದ್ದರು. ಕಡ್ಡಿಯ ನಿಯಮ ಅವರದೇ. ಪೀರಪ್ಪನವರು ಕಾಗದವನ್ನು ಕನ್ನಡಿಗೆ ಹಿಡಿದು ನೋಡಿದರು. ಕೈ ಒರೆಸಿಕೊಂಡರು. ಬರೆದರು.

ಶನಿವಾರ ಸಿದ್ದರಾಮಪ್ಪನವರು ಊರಲ್ಲಿರಲಿಲ್ಲ. ಐನೂರು ಪ್ರತಿಗಳ ಗಂಟಿನ ಜೊತೆ ಅಕ್ಕಲಕೋಟೆಗೆ ಹೋಗಿದ್ದರು, ಶಾಲು ಹೊದಿಸಿಕೊಳ್ಳಲು. ಸೋಮವಾರ ಬಂದು, "ಮುಂದಿನ ವರ್ಷ ನೋಡೂಣಂತ," ಎಂದರು. ಫಾರ್ಮು ಸುಗಲಾಬಾಯಿಯವರ ಟ್ರಂಕಿನ ತಳದಲ್ಲಿದೆ.

ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಏನು ಬರೆಯಲಿ ಎಂದು ಪೀರಪ್ಪನವರನ್ನು ಕೇಳಿದೆ. ಕೇಳುವಾಗ ನನ್ನ ದನಿ ನೆಟ್ಟಗಿರಲಿಲ್ಲ, ಬಯ್ದಂತೆಯೇ ಇತ್ತು. ಅವರು ಒಳಗೆ ಹೋಗಿ ಆ ಚಿತ್ರದ ಒಂದು ಪ್ರತಿ ತಂದು ತೊಡೆಯ ಮೇಲೆ ಹಾಸಿಕೊಂಡರು. ಮುದುಕಿಯ ಮುಖವನ್ನು ತೋರಿಸಲಿಲ್ಲ. ಬೆರಳು ಮೂಲೆಗೆ ಹೋಯಿತು.

"ಇಂಗ್ರೇಜಿ ನನಗ ಬರೂದಿಲ್ರಿ. ಇವು ನನಗ ಅಕ್ಷರ ಅಲ್ಲ. ಮೊದಲನೇದ ನೋಡ್ರಿ, ಹಾವ ಹೆಡಿ ಎತ್ತಿದಂಗ ಐತಿ. ಹೊಟ್ಟಿ ಹತ್ರ ದಪ್ಪ, ಬಾಲಕ್ಕ ಬಂದಂಗ ಕೂದಲೆಳಿ. ಎಲ್ಲೂ ಕೈ ಎತ್ತಿಲ್ಲ, ಒಂದಽ ಉಸರಿನಾಗ ಎಳದೀನಿ."

ಬೆರಳು ಅಲ್ಲೇ ನಿಂತಿತು.

"ಸಹಿ ಅಂತ ಬರೀಬ್ಯಾಡ್ರಿ. ಪೀರಪ್ಪ ಕಲ್ಲಿನ ಮ್ಯಾಲ ಒಂದ ಚಿತ್ರಾ ತಗದಾನ ಅಂತ ಬರೀರಿ."