ಟ್ಯೂಷನ್ ಮುತ್ಯಾನ ಕೆಮ್ಮು

ಕಳೆದ ತಿಂಗಳು ಗದಗಿನ ನಮ್ಮ ಹೈಸ್ಕೂಲಿನಲ್ಲಿ ಇಪ್ಪತ್ಮೂರು ಹುಡುಗರ ಅಜ್ಜಂದಿರು ಒಮ್ಮೆಲೇ ಕೆಮ್ಮಿದರು. ಅದೂ ಎರಡು ತಾಸು, ಡಾಕ್ಟರ್ ಬರುವವರೆಗೆ.

‘ಪಾಸ್ಟ್ ಪರ್ಫೆಕ್ಟ್ ಕಂಟಿನ್ಯುಯಸ್ ಟೆನ್ಸ್ ಯಾವಾಗ ಬಳಸಬೇಕು? ಉದಾಹರಣೆ ಕೊಡಿ’ ಎಂದಿತ್ತು ಪ್ರಿಲಿಮಿನರಿ ಪರೀಕ್ಷೆಯ ಪ್ರಶ್ನೆ. ಇಪ್ಪತ್ಮೂರೂ ಜನ ಬರೆದದ್ದು ಒಂದೇ: ‘ಮೈ ಗ್ರ್ಯಾಂಡ್‌ಫಾದರ್ ಹ್ಯಾಡ್ ಬೀನ್ ಕಾಫಿಂಗ್ ಫಾರ್ ಟೂ ಅವರ್ಸ್ ವೆನ್ ದಿ ಡಾಕ್ಟರ್ ಕೇಮ್.’ ಯಾವಾಗ ಬಳಸಬೇಕೆಂದು ಒಬ್ಬನೂ ಬರೆದಿರಲಿಲ್ಲ. (ನಾನೂ. ಹೋದ ವರ್ಷ ಇಂಗ್ಲಿಷಿನಲ್ಲಿ ಬಿದ್ದ ಅನುಭವಸ್ಥ!)

“ಕಾಪಿ ಹೊಡದೀರಿ. ಮಾರ್ಚ್ ಪರೀಕ್ಷಾಕ್ಕ ಹಾಲ್ ಟಿಕೆಟ್ ಇಲ್ಲ,” ಎಂದರು ಹೆಡ್‌ಮಾಸ್ತರರು.

ನನಗೆ ನಪಾಸು ರೂಢಿ. ಪಕ್ಕದ ಬೆಂಚಿನ ಮಕಬೂಲ ಮಾತ್ರ ಬಿಳಿಚಿಕೊಂಡ. ಎಸ್ಸೆಸ್ಸೆಲ್ಸಿ ಪಾಸಾದರೆ ಐಟಿಐ, ಇಲ್ಲವಾದರೆ ತಮ್ಮೂರು ಶಿಗ್ಲಿಗೆ ಹೋಗಿ ಅಪ್ಪನ ಹೊಲ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

“ಎಲ್ಲಾರ ಮುತ್ಯಾಗೂ ಒಂದ ರೋಗ ಏನ್ಲೇ?” ಹೆಡ್‌ಮಾಸ್ತರರು ಅವನತ್ತ ತಿರುಗಿದರು.

“ನಮ್ಮ ದಾದಾ ಗಟ್ಟಿ ಅದಾನ್ರಿ ಸರ್ರ,” ಎಂದ ಮಕಬೂಲ ತನ್ನ ಅಜ್ಜನ ಪರವಾಗಿ. “ಇಂವಾ ಟ್ಯೂಷನ್ ಮುತ್ಯಾ ರೀ.”

ಖರೆ. ನಾವೆಲ್ಲ ಹೋಗುವುದು ಬೆಟಗೇರಿಯ ಒಂದೇ ಟ್ಯೂಷನ್ನಿಗೆ. ಅಲ್ಲಿ ಟೆನ್ಸಿಗೊಂದು ವಾಕ್ಯ. ಅರ್ಥ ಕೇಳುವಂತಿಲ್ಲ, ತೊಡೆ ತಟ್ಟಿಕೊಂಡು ರಾಗವಾಗಿ ಒದರಬೇಕು. ‘ಟೂ ಅವರ್ಸ್’ ಬಳಿ ಮಾಸ್ತರರು ನಿಂತು ನಶ್ಯ ಏರಿಸುತ್ತಾರೆ. ನಾವೂ ನಿಂತು ಮೂಗು ಒರೆಸಿಕೊಳ್ಳುತ್ತೇವೆ. ಇದಕ್ಕೆ ಇಂಗ್ಲಿಷ್ ಎಂದು ಹೆಸರು!

ಹೆಡ್‌ಮಾಸ್ತರರು ಒಬ್ಬೊಬ್ಬರನ್ನೇ ಕರೆದು ವಾಕ್ಯ ಹೇಳಿಸಿದರು. ಅದೇ ರಾಗ, ಅದೇ ಜಾಗದಲ್ಲಿ ಮೂಗು. ನನ್ನದು ಎಲ್ಲರಿಗಿಂತ ಚೆಂದ. (ಮಿಮಿಕ್ರಿಗೆ ಮಾರ್ಕ್ಸ್ ಇದ್ದಿದ್ದರೆ ನಾನು ಜಿಲ್ಲೆಗೇ ಫಸ್ಟ್.) ಆದರೂ ನಂಬದೆ, ಆ ಟ್ಯೂಷನ್ ಮಾಸ್ತರರನ್ನೇ ಕರೆಸಿದರು.

“ಈ ವಾಕ್ಯಾ ಎಲ್ಲಿಂದ ತಂದೀಪಾ?”

“ನೀವ ಕಲಿಸಿದ್ದ ರೀ ಸರ್ರ,” ಮಾಸ್ತರರು ಕೈ ಮುಗಿದರು. “ನಾ ಇದ ಸಾಲ್ಯಾಗ ನಿಮ್ಮ ಕೈಯಾಗ ಕಲತಂವಾ. ಒಂದ ಅಕ್ಷರಾನೂ ಬದಲ ಮಾಡಿಲ್ರಿ.”

ಹೆಡ್‌ಮಾಸ್ತರರು ಎದ್ದು ಕಪಾಟು ತೆರೆದು ಹಾಲ್ ಟಿಕೆಟ್ ಹಂಚಿದರು.

ಮಕಬೂಲ ತನ್ನದನ್ನು ಮೊದಲು ಕಿಸೆಗೆ ಇಳಿಸಿದ. ಆಮೇಲೆ ಧೈರ್ಯ ಮಾಡಿದ: “ಸರ್ರ, ಆ ಟೆನ್ಸ್ ಖರೇನ ಯಾವಾಗ ಬಳಸಬೇಕ್ರಿ?”

“ಮಾರ್ಚಿನ್ಯಾಗಲೇ! ನಡೀ.”

ಸರಿ, ಜೂನಿನಲ್ಲಿ ಐಟಿಐ ಬಾಗಿಲಲ್ಲಿ ನಿಂತು ಮಕಬೂಲ ಯಾವ ಬಾಯಿಂದ ಇಂಗ್ಲಿಷ್ ಮಾತಾಡಬೇಕು?