ಹಳೇ ಗಾಡಿಗೆ ಹೊಸ ಮಡ್ಗಾರ್ಡು

ನಮ್ಮ ಯಜಮಾನರ ಮೋಟಾರ್ ಸೈಕಲ್ಲಿನಲ್ಲಿ ಎರಡು ಸೀಟುಗಳು ಬೇರೆ ಬೇರೆಯಾಗಿದ್ದವು. ಓಡಿಸುವವರಿಗೆ ಮುಂದೆ ಒಂದು. ಇನ್ನೊಂದನ್ನು ಹಿಂದಿನ ಮಡ್ಗಾರ್ಡಿನ ಮೇಲೆಯೇ ಬೋಲ್ಟು ಹಾಕಿ ಕೂರಿಸಿದ್ದರು. ಆ ಹಿಂದಿನದು ನನ್ನದು. ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ನಮ್ಮ ಪಣಕಹಳ್ಳಿಯ ಹೆಂಗಸರಲ್ಲಿ ಇದು ನನ್ನ ಜಾಗ ಅಂತ ಹೇಳಿಕೊಳ್ಳುವಂಥದ್ದು ಎಷ್ಟು ಜನಕ್ಕಿತ್ತು? ಶಿವ ಕೊಟ್ಟದ್ದು ಅಂದುಕೊಂಡೇ ಕೂರುತ್ತಿದ್ದೆ.

ಅದರ ಮೇಲೆ ಕೂತು ನಾನು ಹೋಗುತ್ತಿದ್ದದ್ದು ಒಂದೇ ಕಡೆಗೆ, ನಮ್ಮವ್ವನ ಮನೆಗೆ. ಜೀರಹಳ್ಳಿ ದಾಟಿ ಕಾಡಂಚಿನ ಊರು ಅದು. ಆಗ ಆ ಕಡೆಗೆ ಬಸ್ಸಿರಲಿಲ್ಲ. ನಡೆದು ಹೋಗೋಣವೆಂದರೆ ಆನೆ ಓಡಾಡುವ ದಾರಿ. ಅವ್ವನಿಗೆ ಮೊದಲು ಕಣ್ಣು ಮಂಜಾಯಿತು, ಆಮೇಲೆ ನೆನಪೂ ಮಂಜಾಗುತ್ತಾ ಬಂತು. ಮೊಮ್ಮಕ್ಕಳ ಹೆಸರು ಹೋಯಿತು, ಅಣ್ಣನ ಹೆಸರು ಹೋಯಿತು. ದಿನಾ ಊಟ ಇಕ್ಕುವ ಅತ್ತಿಗೆಯನ್ನೇ, "ನೀನ್ಯಾರ ಮನೆಯವ್ಳವ್ವ?" ಅಂತ ಕೇಳೋಳು. ನಮ್ಮ ಗಾಡಿಯ ಸದ್ದೊಂದು ಮಾತ್ರ ಹೇಗೋ ಒಳಗೆ ಉಳಿದುಕೊಂಡಿತ್ತು. ಹುಣಸೆ ಮರದ ತಿರುವಿನಲ್ಲಿ ಗಾಡಿ ಗುಡುಗುಟ್ಟಿದರೆ ಸಾಕು, ಮಲಗಿದ್ದವಳು ಎದ್ದು ಕೂತು, "ನನ್ ಮಗಳು ಬಂದ್ಲು" ಅನ್ನೋಳು. ಆ ಸದ್ದಿನ ಬೆನ್ನಿಗೇ ನಾನು ಹೋಗಿ ಕೈ ಹಿಡಿದರೆ, ನಾನು ಮಗಳು. ಅದು ಬಿಟ್ಟರೆ ನನಗೆ ಬೇರೆ ಗುರುತಿರಲಿಲ್ಲ.

ಮಳೆಯ ಕೆಸರು, ಕೊಟ್ಟಿಗೆಯ ಸಗಣಿ ಎಲ್ಲ ಸೇರಿ ಆ ಮಡ್ಗಾರ್ಡು ಒಳಗಿಂದೊಳಗೇ ತುಕ್ಕು ತಿಂದಿತ್ತು. ಒಂದು ದಿನ ಸರಿಯಾಗಿ ಸೀಟಿನ ಕೆಳಗೆ ಸೀಳು ಬಿಟ್ಟಿತು. "ಇನ್ ನೀನು ಕೂತ್ರೆ ಚಕ್ರದ ಮ್ಯಾಲೇ ಕೂತಂಗೆ ಕಣಮ್ಮಿ" ಅಂದರು ಯಜಮಾನರು. ತಾಳವಾಡಿಯಲ್ಲಿ ಬೆಸುಗೆ ಹಾಕಿಸಿದರೆ ಪಕ್ಕದ ತಗಡೇ ಹಪ್ಪಳದಂತೆ ಉದುರಿತು. ಚಾಮರಾಜನಗರದಲ್ಲಿ ಕೇಳಿದರು, ಸತ್ಯಮಂಗಲದಲ್ಲಿ ಕೇಳಿದರು. ಎಲ್ಲಿ ಹೋದರೂ ಒಂದೇ ಉತ್ತರ, ಆ ಮಾಡಲ್ಲಿನದು ಈಗ ಬರುವುದಿಲ್ಲ.

ರಾಗಿ ಕುಯ್ಲು ಮುಗಿದು ಒಕ್ಕಣೆಯೂ ಮುಗಿಯಿತು. ನಡುವೆ ಯಜಮಾನರೊಬ್ಬರೇ ಒಂದು ಸಲ ಹೋಗಿ ಅವ್ವನನ್ನು ನೋಡಿಕೊಂಡು ಬಂದರು. ಬಂದವರು ಕಾಲು ತೊಳೆದುಕೊಂಡರು. ನಾನೇ ಬಿಡದೆ ಕೇಳಿದ ಮೇಲೆ ಹೇಳಿದರು: "ಗಾಡಿ ಸದ್ದಿಗೆ ಎದ್ದು ಕೂತಿತ್ತು ಕಣಮ್ಮಿ. ನೀನು ಬರ್ನಿಲ್ವಲ್ಲ, ಬಾಗ್ಲನ್ನೇ ನೋಡಿ ನೋಡಿ ತಿರ್ಗಾ ಮಲೀಕತು. ನಿಮ್ಮಣ್ಣ ಅಂದ, ಆ ಸದ್ದೂ ಮರ್ತೋಗೋಕೆ ಮುಂಚೆ ಒಂದಪ ಕರ್ಕಂಡ್ ಬನ್ನಿ ಅಂತ."

ಅದಾದ ಮೇಲೆ ಅವರೂ ತಡ ಮಾಡಲಿಲ್ಲ. ಸತ್ಯಮಂಗಲಕ್ಕೆ ಹೋಗಿ, ಹೊಸ ಮಾಡಲ್ಲಿನ ಮಡ್ಗಾರ್ಡನ್ನೇ ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ತಂದರು. ಕನ್ನಡಿಯಂತೆ ಹೊಳೆಯುತ್ತಿತ್ತು. ಭಾನುವಾರ ತಾಳವಾಡಿಯಿಂದ ಮೇಸ್ತ್ರಿ ನಮ್ಮ ಅಂಗಳಕ್ಕೇ ಬಂದ. ತಮಿಳಿನವನು, ಕನ್ನಡ ಚೆನ್ನಾಗಿ ಆಡುತ್ತಿದ್ದ. ಹಳೆಯದನ್ನು ಬಿಚ್ಚಿ ಹೊಸದನ್ನು ಹಿಡಿದು ನೋಡಿದರೆ ಒಂದು ತೂತಿಗೂ ಇನ್ನೊಂದು ತೂತಿಗೂ ಸಂಬಂಧವಿಲ್ಲ. ಎರಡು ಪಕ್ಕದ ಆಸರೆ ಕಂಬಿಗಳು ಗಿಡ್ಡ. ಬಾಗು ಕೂಡ ಸಣ್ಣ ಚಕ್ರಕ್ಕೆ ಮಾಡಿದ್ದು. ಪಕ್ಕದ ಮನೆಯ ದೊಡ್ಡಪ್ಪ ಜಗಲಿಯ ಮೇಲೆ ಕೂತು, "ಏನ್ಲಾ, ಮುದುಕನ್ಗೆ ಒಸ ಅಲ್ಲು ಕಟ್ಟುಸ್ತಿದ್ದೀರಾ? ಕಚ್ಚೀತು, ಉಸಾರು ಕಣ್ಲಾ!" ಅಂತ ನಗೋರು.

ಮೇಸ್ತ್ರಿ ಹೊಸ ತೂತು ಕೊರೆದ, ಕಂಬಿಗೆ ತುಂಡು ಸೇರಿಸಿದ, ಮಧ್ಯಾಹ್ನ ಮುದ್ದೆ ಉಂಡು ಮತ್ತೆ ಸುತ್ತಿಗೆ ಹಿಡಿದ. ಸಂಜೆಗೆ ಹೇಗೋ ಕೂರಿಸಿದ. ಗಾಡಿ ಸ್ಟ್ಯಾಂಡಿನ ಮೇಲಿತ್ತು. ಚಕ್ರಕ್ಕೂ ತಗಡಿಗೂ ನಡುವೆ ಬೆರಳು ಹೋಗುವಷ್ಟು ಜಾಗವಿತ್ತು. "ಕೆಳಗಿಳಿಸಿ ಇಬ್ರೂ ಕೂತ್ಕಳಿ ಅಣ್ಣ. ಬಾರ ಬಿದ್ರೆ ಚಕ್ರ ಮೇಲಕ್ಕೆ ಬರ್ತದೆ, ತಾಗ್ತದೋ ಏನೋ ನೋಡ್ಬುಡಣ" ಅಂದ.

ಒಳಗಿನಿಂದ ನಮ್ಮತ್ತೆ ಬಂದರು. "ಒಸ ತಗಡು ಕಣಪ್ಪ. ಪೂಜೆ ಆಗ್ದೆ ಯಾರೂ ಕೂರಂಗಿಲ್ಲ."

"ಹಂಗಾದ್ರೆ ಈಗ್ಲೇ ಒಂದು ಕಾಯಿ ಒಡ್ದುಬುಡಿ ಪಾಟಿ," ಅಂದ ಮೇಸ್ತ್ರಿ, ಅಜ್ಜಿ ಅನ್ನುವುದನ್ನು ತನ್ನ ತಮಿಳಿನಲ್ಲೇ.

"ನಾಳೀಕೆ ಸೋಮಾರ, ಸಿವನ ದಿನ. ಅದು ಬುಟ್ಟು ಇವತ್ತು ಒಡ್ದಾರಾ?"

ಮೇಸ್ತ್ರಿ ಯಜಮಾನರ ಮುಖ ನೋಡಿದ. ಅವರು ನೆಲ ನೋಡಿದರು. ಕಡೆಯ ಬಸ್ಸಿಗೆ ಹೊತ್ತಾಗಿತ್ತು. "ಓಡ್ತದೆ ಬುಡಿ" ಅಂತ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟ.

ಸೋಮವಾರ ಅತ್ತೆ ಮಡ್ಗಾರ್ಡಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಹೂವಿಟ್ಟು, ಕಾಯಿ ಒಡೆದರು. ಕಾಯಿ ಚೆನ್ನಾಗಿ ಒಡೆಯಿತು. ಆದರೂ ಕೂರುವಂತಿಲ್ಲ. ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಗಾಡಿಯೂ ನಮ್ಮ ಮನೆಯಲ್ಲಿ ಎತ್ತಿನ ಲೆಕ್ಕವೇ. ಅತ್ತೆಯನ್ನು ನಾನು ಅಂದೂ ಬಯ್ಯಲಿಲ್ಲ, ಇಂದೂ ಬಯ್ಯುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ಡಬ್ಬಿಗೆ ಮೊಸರನ್ನ ಹಾಕಿಕೊಂಡು, ಮಾದಪ್ಪನನ್ನು ನೆನೆದು ಕೂತೆ. ಜೀರಹಳ್ಳಿಯವರೆಗೆ ಪರವಾಗಿಲ್ಲ, ಹಳ್ಳ ಬಂದಾಗಷ್ಟೇ ಹಿಂದಿನಿಂದ ಜರ್ರ್ ಅನ್ನೋದು. "ಒಸದು, ಅಂಗೇ ಅನ್ನೋದು" ಅಂದರು. ಕಾಡು ಹೊಕ್ಕ ಮೇಲೆ ರಸ್ತೆ ಕಿತ್ತುಹೋಗಿತ್ತು. ರಬ್ಬರು ಸುಟ್ಟ ವಾಸನೆ ಬಂತು. ದೊಡ್ಡದೊಂದು ಗುಂಡಿಗೆ ಇಳಿದಾಗ, ಕೊರೆದಿದ್ದ ಹೊಸ ತೂತುಗಳು ಹರಿದು, ನಾನು ಸೀಟಿನ ಸಮೇತ ಚಕ್ರದ ಮೇಲೆ ಕುಸಿದೆ. ಟೈರು ಮಡ್ಗಾರ್ಡನ್ನು ಕಚ್ಚಿ ಹಿಡಿದು ಗಾಡಿ ನಿಂತುಬಿಟ್ಟಿತು. ದೊಡ್ಡಪ್ಪನ ಬಾಯಿಗೆ ಸಕ್ಕರೆ ಹಾಕಬೇಕಿತ್ತು.

ಬಿಚ್ಚೋಣವೆಂದರೆ ಸ್ಪ್ಯಾನರಿಲ್ಲ. ಯಜಮಾನರು ಮುಂದೆ ಹ್ಯಾಂಡಲ್ ಹಿಡಿದು ತಳ್ಳಿದರು. ನಾನು ಹಿಂದೆ, ತಗಡು ಚಕ್ರಕ್ಕೆ ತಾಗದಂತೆ ಎರಡು ಕೈಯಲ್ಲೂ ಮೇಲೆತ್ತಿ ಹಿಡಿದುಕೊಂಡು ನಡೆದೆ. ಅಂಚು ಅಂಗೈ ಕೊರೆಯುತ್ತಿತ್ತು. ವಿಭೂತಿ ಇನ್ನೂ ಹಾಗೇ ಇತ್ತು. ಆನೆ ಲದ್ದಿ ಬಿಸಿಯಾಗಿ ಬಿದ್ದಿತ್ತು, ಆನೆ ಕಾಣಲಿಲ್ಲ. ಅಷ್ಟು ಮಾಡಿದ ಶಿವ.

ಹುಣಸೆ ಮರದ ತಿರುವನ್ನು ನಾವು ಸದ್ದಿಲ್ಲದೆ ದಾಟಿದೆವು.

ಅವ್ವ ಜಗಲಿಯಾಚೆಯ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನೆನ್ನೆಯಿಂದ ಬಾಯಿಗೆ ಏನೂ ಮುಟ್ಟಿಸುತ್ತಿಲ್ಲ ಅಂದರು ಅತ್ತಿಗೆ. ಎಬ್ಬಿಸಿ ಕೂರಿಸಿ ಕೈ ಹಿಡಿದುಕೊಂಡೆ.

"ಯಾರವ್ವ ನೀನು? ಕೈಯೆಲ್ಲ ರಕ್ತ ಆಗ್ಯದೆ."

"ನಾನು ಕಣವ್ವ, ನಿನ್ ಮಗಳು."

"ಇಲ್ಲ ಬುಡು. ನನ್ ಮಗಳು ಗಾಡೀಲಿ ಬತ್ತಾಳೆ."

ನಾನು ಎದ್ದು ಬಾಗಿಲಿಗೆ ಬಂದು, "ಒಂದಪ ಸ್ಟಾರ್ಟ್ ಮಾಡಿ" ಅಂದೆ. ಅಂಗಳದಲ್ಲಿ ಮಡ್ಗಾರ್ಡು ಜೋತುಬಿದ್ದ ಗಾಡಿಯನ್ನು ಅವರು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕಿಕ್ಕರ್ ಒದ್ದರು. ಗುಡುಗುಟ್ಟಿತು. ನಾನು ಓಡಿ ಬಂದು ಅವಳ ಮುಂದೆ ಕೂತೆ. ಅವ್ವನ ಮುಖ ಅರಳಿತು. ಎಷ್ಟೋ ದಿನದಿಂದ ನಾನು ಕಾಣದ ಮುಖ.

"ನನ್ ಮಗಳು ಬಂದ್ಲು."

"ಬಂದೆ ಕಣವ್ವ. ಇಲ್ಲೇ ಇವ್ನಿ ನೋಡು."

"ಒಸಿ ಸರ್ಕಳವ್ವ," ಅಂದಳು ಅವ್ವ, "ಬಾಗ್ಲಿಗೆ ಅಡ್ಡ ಕೂತಿದ್ದೀಯೆ. ನನ್ ಮಗಳು ಒಳೀಕೆ ಬರ್ಬೇಡ್ವಾ?"

ಪಕ್ಕಕ್ಕೆ ಸರಿದು ಕೂತೆ. ಅವಳು ಬಾಗಿಲನ್ನೇ ನೋಡುತ್ತಿದ್ದಳು. ಮೊಸರನ್ನ ಕಲಸಿ ಒಂದು ತುತ್ತು ಬಾಯಿಯ ಹತ್ತಿರ ಹಿಡಿದೆ. ನೋಟ ತೆಗೆಯದೆ ಬಾಯಿ ತೆರೆದಳು. ನುಂಗಿದಳು. ಇನ್ನೊಂದು ಹಿಡಿದೆ, ಅದನ್ನೂ ನುಂಗಿದಳು.

"ಪೆಟ್ರೋಲು ಮುಗ್ದೋಯ್ತದೆ ಕಣಮ್ಮಿ, ಆಫ್ ಮಾಡ್ಲಾ?" ಅಂತ ಯಜಮಾನರು ಅಂಗಳದಿಂದ ಕೂಗಿದರು.

ಡಬ್ಬಿಯಲ್ಲಿ ಅರ್ಧ ಅನ್ನ ಇನ್ನೂ ಇತ್ತು.

"ಬ್ಯಾಡಿ," ಅಂದೆ. "ಉಣ್ತಾವ್ಳೆ."